ಪರಿಶೀಲಿಸಿದವರ ಸಹಿ

ಸಂಜೆ ತರಗತಿ ಮುಗಿದರೂ ಮಳೆ ಬಿಡಲಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯವಾಗುವ ಮೊದಲು ಆ ಕಲ್ಲಿನ ಕಟ್ಟಡ ಸರ್ಕಾರದ ಲೋಕೋಪಯೋಗಿ ಕಚೇರಿಯಾಗಿತ್ತು. ಆಗ ನಕ್ಷೆ ಬರೆಯುತ್ತಿದ್ದ ಉದ್ದನೆಯ ಕೋಣೆಯಲ್ಲೇ ಈಗ ನಕ್ಷೆಯ ಪಾಠ. ಅಲ್ಲಿ ಸಿಕ್ಕಿಬಿದ್ದ ಐದಾರು ಮಂದಿ ಬಾಗಿಲ ಬಳಿ ಮುದಿ ಅಟೆಂಡರನ ಸುತ್ತ ಕುಳಿತರು. ಹಗಲು ಗುತ್ತಿಗೆದಾರನ ಕಚೇರಿಯಲ್ಲಿ ದುಡಿಯುವ ಹುಡುಗಿ ಮಾತ್ರ ಕಿಟಕಿ ಪಕ್ಕದ ಮೇಜು ಬಿಡಲಿಲ್ಲ. ಅವಳ ಮುಂದೆ ಒಂದು ಶಾಲೆಯ ಬಾಲ್ಕನಿಯ ನಕ್ಷೆ. ನಾಳೆ ಬೆಳಿಗ್ಗೆಯೇ ಕಾಂಕ್ರೀಟ್ ಹಾಕುವುದು. ‘ಪರಿಶೀಲಿಸಿದವರು’ ಎಂಬ ಖಾನೆ ಖಾಲಿ. “ಅಷ್ಟೊಂದು ನೋಡೋದೇನಿದೆ, ಒಂದು ಸಹಿ ಗೀಚಮ್ಮ” ಎಂದಿದ್ದ ಗುತ್ತಿಗೆದಾರ. ಕೆಲಸ ಉಳಿಯಬೇಕಲ್ಲ, ಪೆನ್ನು ಬಿಚ್ಚಿದಳು.

“ಈ ಕೋಣೇಲಿ ಒಬ್ಬ ಹಿರಿಯ ನಕ್ಷೆಗಾರರಿದ್ರು ಕಣ್ರಪ್ಪ” ಎಂದು ಮುದುಕ ಶುರುಮಾಡಿದ. “ನಾನಾಗ ಹೊಸಬ, ಅವರ ಮೇಜು ಒರೆಸ್ತಿದ್ದೆ. ಕೂದಲೆಳೆಯಷ್ಟು ತಪ್ಪಿದ್ರೂ ಕೆಂಪು ಪೆನ್ಸಿಲಲ್ಲಿ ಸುತ್ತು ಹಾಕೋರು... ಅಂಥವರು ಒಂದೇ ಒಂದು ಸಂಜೆ, ಮನೆಗೆ ಹೋಗೋ ಆತುರದಲ್ಲಿ, ಆಸ್ಪತ್ರೆ ಬಾಲ್ಕನಿಯ ನಕ್ಷೆಗೆ ನೋಡದೇನೇ ಸಹಿ ಹಾಕಿಬಿಟ್ರು. ಗೋಡೆಯಿಂದ ಹೊರಚಾಚಿದ ಚಪ್ಪಡಿಗೆ ಕಂಬಿ ಎಲ್ಲಿರಬೇಕು? ಬಿರುಕು ಬಿಡೋ ಮೇಲ್ಗಡೆ ತಾನೇ? ನಕ್ಷೆಯಲ್ಲಿ ಕೆಳಗಡೆ ಇತ್ತು... ಅದು ಮುರಿದು ಬಿದ್ದಾಗ ಮೇಲೆ ಒಂಬತ್ತು ಜನ ನಿಂತಿದ್ರು.”

ಹುಡುಗಿಯ ಪೆನ್ನು ಖಾನೆಯ ಮೇಲೇ ನಿಂತಿತು.

“ಅವತ್ತಿಂದ ಮನೆಗೇ ಹೋಗಲಿಲ್ಲ ಅವರು. ಬೀರುವಿನಲ್ಲಿದ್ದ ಹಳೇ ನಕ್ಷೆ ಎಲ್ಲಾ ಹರಡಿಕೊಂಡು ಮತ್ತೆ ಮತ್ತೆ ನೋಡೋರು. ಹನ್ನೊಂದನೇ ದಿನ ಬೆಳಿಗ್ಗೆ ಬಾಗಿಲು ತೆಗೆದವನು ನಾನೇ... ತಣ್ಣಗಾಗಿದ್ದ ಬೆರಳು ಬಿಡಿಸಿ ಪೆನ್ಸಿಲ್ ತೆಗೆಯೋಕೆ ಇಬ್ಬರು ಬೇಕಾಯ್ತು.”

“ದೆವ್ವ ಇಂಟರ್ನಲ್ ಮಾರ್ಕ್ಸೂ ಕೊಡುತ್ತಾ ತಾತ?” ಯಾರೋ ನಕ್ಕರು.

“ನಗು ನಗು, ನಿನ್ನ ನಕ್ಷೆ ನೋಡಿದ್ರೆ ದೆವ್ವವೇ ಕೆಲಸ ಬಿಟ್ಟು ಓಡುತ್ತೆ” ಎಂದ ಮುದುಕ. ಆಮೇಲೆ ದನಿ ತಗ್ಗಿತು. “ಕೆಂಪು ಪೆನ್ಸಿಲಿನ ಹೊಟ್ಟು ಇವತ್ತು ಬೆಳಿಗ್ಗೆ ಕೂಡ ಗುಡಿಸಿದೀನಿ... ಆ ಕಿಟಕಿ ಪಕ್ಕದ ಮೇಜಿನ ಕೆಳಗೆ.”

ಹುಡುಗಿ ನಕ್ಷೆಯ ಮೇಲೆ ಬಗ್ಗಿದಳು. ಬಾಲ್ಕನಿಯ ಕಂಬಿಗಳು ಚಪ್ಪಡಿಯ ಕೆಳಗಡೆ ಇದ್ದವು. ಅವುಗಳ ಸುತ್ತ ತೆಳ್ಳಗೆ ಒಂದು ಕೆಂಪು ಸುತ್ತು. ಮುಟ್ಟಿದರೆ ಬೆರಳಿಗೆ ಪುಡಿ ಅಂಟಿತು.

“ತಾತ... ಇದು ನೀವು ಹಾಕಿದ್ದಾ?”

“ನಾನು ಇಲ್ಲೇ ಕೂತಿದ್ದೆನಲ್ಲ ತಾಯಿ.”

ಅವಳು ಪೆನ್ನು ಮುಚ್ಚಿ ರಬ್ಬರ್ ತೆಗೆದುಕೊಂಡಳು.

“ನಿಧಾನವಾಗಿ ತಿದ್ದು” ಎಂದ ಮುದುಕ, ಅವಳ ಪಕ್ಕದ ಖಾಲಿ ಸ್ಟೂಲನ್ನೇ ನೋಡುತ್ತಾ. “ನೀನು ತಿದ್ದಿ ಮುಗಿಸೋವರೆಗೂ ಅವರು ಏಳೋದಿಲ್ಲ.”