ಕ್ಯಾರವಾನ್ ಹಿಂದಕ್ಕೆ ತೆಗೆದದ್ದು

ನಮ್ಮೂರ ಬೇಕರಿಯಲ್ಲಿ ಪೈಗೆಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಕಾರಿನ ಹಿಂದೆ ಕ್ಯಾರವಾನ್ ಅನ್ನೋ ಪುಟ್ಟ ಗಾಲಿಮನೆ ಕಟ್ಟಿಕೊಂಡು ಊರೂರು ಸುತ್ತುವ ವಯಸ್ಸಾದ ಗಂಡ ಹೆಂಡತಿ.

“ನಾನು ಇಲ್ಲೇ ಇಳ್ಕೋತೀನಿ ಕ್ಲೈವ್. ಅಡಿಲೇಡ್‌ಗೆ ಬಸ್ಸಿದೆಯಂತೆ.”

“ಅಲ್ಲೇನಿದೆ ಗ್ಲೆನಿಸ್? ಮನೆ ಮಾರಿದ್ದಾಯ್ತಲ್ಲ.”

“ತಂಗಿ ಇದಾಳೆ. ಕಾಲು ಚಾಚಿ ಮಲಗೋಕೆ ಒಂದು ಕೋಣೆ ಇದೆ.”

“ಇದು ನಮ್ಮಿಬ್ಬರ ಆಸೆ ಅಲ್ವೇನೇ?”

“ನಿನ್ನಾಸೆ. ನಾನು ಹೂಂ ಅಂದೆ, ಅಷ್ಟೆ.”

ಅವನು ಗಾಜಿನೊಳಗಿನ ಪೈಗಳನ್ನೇ ನೋಡುತ್ತ ನಿಂತ.

“ಸರಿ. ಗಾಡಿ ಹಿಂದಕ್ಕೆ ತೆಗೆಯೋಕಾದ್ರೂ ಬಾ. ನನ್ನ ಕತ್ತು ತಿರುಗಲ್ಲ, ಗೊತ್ತಲ್ಲ.”

ಹೊರಗೆ ಬಿಸಿಲಲ್ಲಿ ನಿಂತು ಅವಳು ಕೈ ಬೀಸಿದಳು. “ಬಾ, ಬಾ... ಎಡಕ್ಕೆ... ಸಾಕು!”

ಗಾಡಿ ರಸ್ತೆಗೆ ಬಂತು. ಅವನು ಎಂಜಿನ್ ಆರಿಸದೆ ಕಾದ.

“ಮುಂದಿನೂರಲ್ಲಿ ನಿಂಗೆ ಎಡ ಬಲ ಯಾರು ಹೇಳ್ತಾರೆ?” ಎಂದು ಗೊಣಗಿ, ಅವಳು ಹತ್ತಿ ಕೂತು ಬಾಗಿಲೆಳೆದುಕೊಂಡಳು.