ಚಾಚಿದ ಎಡಗೈ

ಮಗು ಸತ್ತ ಮೇಲೆ ಮಂಕಾದ ಹೆಂಡತಿ ಚನ್ನಬಸಮ್ಮನನ್ನು ತವರಿಗೆ ಒಪ್ಪಿಸಲು ಬಂದ ಅಳಿಯ, ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಮಾವನೊಡನೆ ಆಡಿದ ಮಾತು ಪಕ್ಕದ ಬೆಂಚಿನಲ್ಲಿ ಗಾಡಿಗೆ ಕಾಯುತ್ತಿದ್ದ ಮುದುಕ ಬೋರಲಿಂಗಯ್ಯನ ಕಿವಿಗೆ ಬಿತ್ತು.

“‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಅಂತ ಫ್ರೆಂಚರ ಪಂಡಿತನೊಬ್ಬ ಹೇಳಿದಾನೆ, ಮಾವ. ಇವಳಿಗೆ ಯೋಚನೆಯೇ ಇಲ್ಲ.”

“ಅಂದ್ರೆ ನನ್ ಮಗಳೇ ಇಲ್ಲ? ಅದ್ಕೇ ಇನ್ನೊಂದು ಮದ್ವೆ?”

“ಇದ್ದೂ ಇಲ್ಲದ ಹಾಗೆ, ಅಷ್ಟೆ.”

“ನಿದ್ದೇಲಿ ನಿಮ್ಗೂ ಯೋಚ್ನೆ ಇರಾಕಿಲ್ಲ ಅಳಿಯಂದ್ರೆ. ಹಂಗಂತ ಹೂತ್ಬುಡಾನಾ?”

“ನಾನು ಏಳ್ತೀನಿ. ಇವಳು ಏಳಲ್ಲ.”

“ಪೂಜೆ ಹೊತ್ಗೆ, ನೀವು ಅಂಗೈ ಮೇಲೆ ಇಷ್ಟಲಿಂಗ ಇಡ್ಬೇಕು ಅಂತ ತಾನೇ ಎಡಗೈ ಚಾಚ್ತಾಳಲ್ಲ, ಅದೇನು?”

“ಬರೀ ಅಭ್ಯಾಸ.”

ಮೈಸೂರಿನ ಗಾಡಿ ಬಂತು. ಅಳಿಯ ಎದ್ದೊಡನೆ ಚನ್ನಬಸಮ್ಮ ಅವನ ಮುಂದೆ ಎಡಗೈ ಚಾಚಿದಳು. ಅವನು ಒಂದು ಗಳಿಗೆ ಯೋಚಿಸುತ್ತ ನಿಂತ. ಆಮೇಲೆ ಗಾಡಿ ಹತ್ತಿದ.