ಹಸು ಹೊಕ್ಕ ಮನೆ

ನೋಡಿ, ದೊಡ್ಡ ಊರು ಅಂದ್ರೆ ಎಷ್ಟು ದೊಡ್ಡದು? ಈ ತುದೀಲಿ ಬಸ್ಸು ಹತ್ತಿದವನು ಆ ತುದೀಲಿ ಇಳಿಯೋಷ್ಟರಲ್ಲಿ, ಯಾಕೆ ಹೊರಟೆ ಅನ್ನೋದನ್ನೇ ಮರೆತಿರಬೇಕು, ಅಷ್ಟು ದೊಡ್ಡದು. ಅಂಥ ಊರಲ್ಲೊಬ್ಬ ಸಾಹುಕಾರ. ಬಡಾವಣೆ ಸಂಘಕ್ಕೆ ಅವನೇ ಅಧ್ಯಕ್ಷ. ಕೆಟ್ಟವನಲ್ಲ, ಭಜನೆಗೆ ಬಂದ ತಾಯಂದಿರೇ. ಕೆಟ್ಟವನಾಗಿದ್ರೆ ಈ ಕಥೆ ನಮಗೆ ತಗಲ್ತಾನೇ ಇರಲಿಲ್ಲ. ನಮ್ಮ ನಿಮ್ಮ ಹಾಗೇ ಒಳ್ಳೆಯವನು.

ಬಡಾವಣೆ ಹಿಂದುಗಡೆ ಶೀಟಿನ ಮನೆಗಳ ಒಂದು ಸಾಲು. ಅಡುಗೆಯವರು, ಹೂವಿನವರು, ಕಸ ಗುಡಿಸೋರು, ಹಸು ಕಟ್ಟಿ ಹಾಲು ಮಾರೋ ಒಬ್ಬಳು ಅಜ್ಜಿ. ಅಧಿಕಾರಿಗಳು ಬಂದು, "ಇದೇ ಜಾಗದಲ್ಲಿ ಇವರಿಗೆ ಕಡಿಮೆ ಬೆಲೆಯ ಮನೆ ಕಟ್ತೀವಿ, ನೀವೇನಂತೀರಿ?" ಅಂದ್ರು. ಸಂಘದ ಸಭೆ ಸೇರ್ತು. ಸಾಹುಕಾರ ಎದ್ದು ನಿಂತ. "ಪಾಪ, ಬಡವರು. ಇಲ್ಲಿ ಬರೀ ಹೊಗೆ, ಧೂಳು. ಊರಾಚೆ ಮೂವತ್ತು ಕಿಲೋಮೀಟರು ದೂರ ಕಟ್ಟಿಕೊಡಿ, ಶುದ್ಧ ಗಾಳಿ ಸಿಗುತ್ತೆ" ಅಂದ. ಎಂಥ ಕರುಣೆ ನೋಡಿ! ಅಷ್ಟು ಒಳ್ಳೇ ಗಾಳಿ ಇದ್ರೆ ತಾನ್ಯಾಕೆ ಹೋಗಲಿಲ್ಲ? ಯಾರೂ ಕೇಳಲಿಲ್ಲ. ಎಲ್ಲರೂ ಸಹಿ ಹಾಕಿದ್ರು, ಬೋಂಡಾ ತಿಂದ್ರು. ಆ ಬೋಂಡಾ ಕರಿದವಳ ಮನೆಯೂ ಆ ಸಹಿಯಲ್ಲೇ ಹೋಯ್ತು. ಇಡೀ ಸಾಲನ್ನೇ ಎಬ್ಬಿಸಿ ಊರಾಚೆ ಕಳಿಸಿದ್ರು.

ವರ್ಷ ಕಳೀತು. ಸಾಹುಕಾರ ಅದೇ ಬಡಾವಣೇಲಿ ಮೂರಂತಸ್ತಿನ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶ. ಬೆಳಗ್ಗೆ ಏಳರಿಂದ ಏಳೂವರೆ ಮುಹೂರ್ತ. ತಪ್ಪಿದ್ರೆ ಮುಂದೆ ಆಷಾಢ. ಮೊದಲು ಹಸು ಕರು ಒಳಗೆ ಹೋಗಬೇಕು, ಅದರ ಹಿಂದೆ ಯಜಮಾನರು, ಅಲ್ಲವೇ? ಸಾಹುಕಾರ ರೇಷ್ಮೆ ಪಂಚೆ ಉಟ್ಟು, ಹೆಂಡತಿ ಕಲಶ ಹಿಡಿದು ಬಾಗಿಲ ಮುಂದೆ ನಿಂತ್ರು. ಹಸು ಇಲ್ಲ. ಹೂವಿನವಳಿಲ್ಲ. ಅಡುಗೆಯವರಿಲ್ಲ. ಎಲ್ಲರೂ ದಾರಿಯಲ್ಲಿದ್ದಾರೆ! ನೂರೈವತ್ತು ಜನ ನೆಂಟರು ಕಾಫಿ ಕಾಫಿ ಅಂತಿದ್ದಾರೆ. "ಬೇರೆ ಹಸು ತರಿಸ್ರೀ" ಅಂದ ಸಾಹುಕಾರ. ಎಲ್ಲಿಂದ ತರ್ತಾರೆ? ಇದ್ದದ್ದನ್ನೆಲ್ಲ ಶುದ್ಧ ಗಾಳಿಗೆ ಕಳಿಸಿಯಾಗಿದೆ. ಭಾವಮೈದುನ ಮೊಬೈಲಲ್ಲಿ ಹಸುವಿನ ಚಿತ್ರ ತೆಗೆದು, "ಇದನ್ನೇ ಹಿಡ್ಕೊಂಡು ಒಳಗೆ ಹೋದ್ರೆ ನಡೆಯುತ್ತಾ?" ಅಂತ ಪುರೋಹಿತರನ್ನ ಕೇಳಿದ. "ದಕ್ಷಿಣೆಯ ಚಿತ್ರಾನೂ ತೋರಿಸಿಬಿಡಿ" ಅಂದ್ರು ಅವರು.

ಏಳೂ ಇಪ್ಪತ್ತಕ್ಕೆ ಒಂದು ಗೂಡ್ಸ್ ಆಟೋ ಬಂತು. ಅಜ್ಜಿ ಇಳಿದಳು, ಹಸು ಕರು ಇಳಿದವು.

"ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ಹೊತ್ತು?" ಅಂತ ಸಾಹುಕಾರ ಕೂಗಾಡಿದ.

"ನೀವು ಕಳಿಸಿದ ಕಡೆಗೇ, ಬುದ್ದಿ" ಅಂದಳು ಅಜ್ಜಿ. "ಹಾಲು ಕೊಳ್ಳೋ ಮನೆಗಳೆಲ್ಲ ಇಲ್ಲೇ ಉಳಿದ್ವು, ನಾವು ಅಲ್ಲಿ. ಆರು ಹಸು ಇದ್ವು, ಈಗ ಇದೊಂದೇ." ಅವನಿಗೆ ಗಡಿಯಾರ ಬಿಟ್ಟು ಇನ್ನೇನೂ ಕಾಣ್ತಿರಲಿಲ್ಲ.

"ಅದೆಲ್ಲ ಆಮೇಲೆ. ಮೊದಲು ಹಸು ಒಳಗೆ ಬಿಡು!"

ಬಿಟ್ಟಳು. ಹಸು ಹೊಸ ಬಾಗಿಲು ನೋಡ್ತು. ತೋರಣ ನೋಡ್ತು. ತೋರಣದಿಂದ ನಾಲ್ಕು ಮಾವಿನೆಲೆ ಎಳೆದು ತಿಂತು. ಆಮೇಲೆ ತಿರುಗಿ ಸೀದಾ ಹಿಂದಿನ ಬೀದಿಗೆ ಹೊರಟೇಬಿಡ್ತು! ಹಿಂದೆ ಕರು, ಕರುವಿನ ಹಿಂದೆ ಅಜ್ಜಿ, ಅಜ್ಜಿ ಹಿಂದೆ ಪಂಚೆ ಎತ್ತಿಕೊಂಡು ಸಾಹುಕಾರ, ಕಲಶ ತುಳುಕಿಸ್ತಾ ಹೆಂಡತಿ. ಓಲಗದವರು ಮೆರವಣಿಗೆ ಅಂದ್ಕೊಂಡು ಇನ್ನೂ ಜೋರಾಗಿ ಊದ್ತಾ ಬಂದ್ರು. ಹಸು ತನ್ನ ಹಳೇ ಕೊಟ್ಟಿಗೆ ಇದ್ದ ಜಾಗಕ್ಕೆ ಹೋಗಿ, ಕಳೆಗಿಡಗಳ ನಡುವೆ ಕಾಲು ಮಡಚಿ ಮಲಗ್ತು. ಎಳೆದ್ರೂ ಏಳಲಿಲ್ಲ, ಬಾಳೆಹಣ್ಣು ತೋರಿಸಿದ್ರೂ ಏಳಲಿಲ್ಲ.

ಪುರೋಹಿತರು ಗಡಿಯಾರ ನೋಡಿದ್ರು. "ಮುಹೂರ್ತಕ್ಕೆ ಸರಿಯಾಗಿ ಗೃಹಪ್ರವೇಶ ಆಯ್ತು, ಯಜಮಾನರೇ. ನಿಮ್ಮದಲ್ಲ, ಹಸುವಿನದು."

ನಗ್ತೀರಿ. ನಗಿ, ನಗಿ. ನಮ್ಮ ಭಜನಾ ಮಂದಿರದ ಎದುರು ಇನ್ನೂರು ಸಣ್ಣ ಮನೆ ಬರಬಾರದು ಅಂತ ಒಂದು ಅರ್ಜಿ ಬರೆದು, ಚಪ್ಪಲಿ ಬಿಡೋ ಕಡೆ ಮೇಜಿನ ಮೇಲೆ ಇಟ್ಟಿದ್ದೀರಲ್ಲ, ಅದಕ್ಕೆ ಸಹಿ ಹಾಕಿದವರು ಯಾರು? ಈಗ್ಯಾಕೆ ತಲೆ ತಗ್ಗಿಸ್ತೀರಿ? ಬೆಳಗ್ಗೆ ಮೊದಲು ನನ್ನ ಕೈಗೇ ಪೆನ್ನು ಕೊಟ್ರಿ. ನಾನೂ ಓದದೆ ಹಾಕಿದೆ. ಪಟ್ಟೀಲಿ ಮೊದಲ ಹೆಸರೇ ನನ್ನದು. ನಾಚಿಕೆ ಆಗ್ತಿದೆ, ಮುಚ್ಚಿಟ್ಟು ಏನು ಪ್ರಯೋಜನ?

ಇವತ್ತು ಮನೆಗೆ ಹೋಗಿ ನಿಮ್ಮ ಪಾತ್ರೆ ತೊಳೆಯೋಳನ್ನ ಕೇಳಿ, "ಎಷ್ಟು ಬಸ್ಸು ಬದಲಾಯಿಸಿ ಬರ್ತೀಯಮ್ಮ?" ಅಂತ. ಮಹಡಿ ಮೇಲೆ ಕೋಣೆ ಖಾಲಿ ಬಿದ್ದಿದೆಯಾ? ಅವಳ ಕೈಗೆಟಕೋ ಬಾಡಿಗೆಗೆ ಕೊಡಿ. ಆ ಇನ್ನೂರು ಮನೆ ವಿಷಯ ಮಾತಾಡೋಕೆ ಭಾನುವಾರದ ಸಭೆಗೆ ಅಧಿಕಾರಿಗಳು ಬರ್ತಾರೆ. ಅಲ್ಲಿ ಕೈ ಎತ್ತಿ, "ಇಲ್ಲೇ ಕಟ್ಟಿ, ನಮ್ಮ ಪಕ್ಕದಲ್ಲೇ ಕಟ್ಟಿ" ಅನ್ನಿ. ಈಗ ಎಲ್ಲರೂ ಎದ್ದು ಬನ್ನಿ, ಅರ್ಜೀಲಿ ನಮ್ಮ ನಮ್ಮ ಹೆಸರು ಹೊಡೆದುಹಾಕೋಣ. ನನ್ನದು ಮೊದಲು. ನೂಕಾಡಬೇಡಿ, ಬೇಕಾದಷ್ಟು ಹೊತ್ತಿದೆ. ಪ್ರಸಾದ ಇನ್ನೂ ಆಗಿಲ್ಲ. ಅಡುಗೆಯವರು ಇನ್ನೂ ಬಸ್ಸಲ್ಲಿದ್ದಾರೆ.